ಅಪ್‌ಡೇಟ್: ಗ್ಯಾರೇಜ್ ಬಾಗಿಲಿಗೆ ಮೋಟಾರ್ ಕೂರಿಸಿಯಾಯಿತು

ಚಿಕ್ಕಮಗಳೂರಿನ ನಮ್ಮ ಮನೆಯ ಗ್ಯಾರೇಜ್ ಬಾಗಿಲಿಗೆ ಮೋಟಾರ್ ಹಾಕಿಸಬೇಕು, ತೆವಳುವ ಮಗು ಇದೆ, ಏನೇನು ನೋಡಿಕೊಳ್ಳಬೇಕು ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ನೀವು ಹೇಳಿದಂತೆ ಮೊದಲು ಬಾಗಿಲನ್ನು ಕೈಯಲ್ಲೇ ಎತ್ತಿ ಅರ್ಧಕ್ಕೆ ಬಿಟ್ಟು ನೋಡಿದೆವು. ನಿಲ್ಲಲಿಲ್ಲ, ಜಾರಿತು. ಬಾಗಿಲಿನ ಭಾರ ಹೊರುವ ಸ್ಪ್ರಿಂಗ್ ಸಡಿಲವಾಗಿತ್ತು. ಅದರ ಬಿಗಿತ ಕೈ ಮುರಿಯುವಷ್ಟಿರುತ್ತದೆ, ಹಾಗಾಗಿ ಗೊತ್ತಿರುವವರನ್ನೇ ಕರೆಸಿ ಸರಿ ಮಾಡಿಸಿದೆವು. ಮೋಟಾರ್ ಆಮೇಲೆ.

ಮುಚ್ಚುವಾಗ ಯಾರಾದರೂ ಅಡ್ಡ ಬಂದರೆ ಗುರುತಿಸಿ ಬಾಗಿಲನ್ನು ವಾಪಸ್ ಮೇಲೆ ಕಳಿಸುವ ಸೆನ್ಸರ್ ಇರುತ್ತದಲ್ಲ, ಮಳೆ ನೀರು ಸಿಡಿಯುತ್ತದೆ, ಅದು ಒಂದೂವರೆ ಅಡಿ ಮೇಲಿರಲಿ ಅಂದರು ಎಲೆಕ್ಟ್ರಿಷಿಯನ್. ನಾನು ಒಪ್ಪಲಿಲ್ಲ. ಮಗು ಅದರ ಕೆಳಗೇ ನುಸುಳಬಹುದು ಅಲ್ವಾ? ನೆಲದಿಂದ 6 ಇಂಚಿಗಿಂತ ಮೇಲೆ ಬೇಡ ಅಂತ ಹಟ ಹಿಡಿದು, ಬಾಗಿಲಿನ ಒಳಬದಿಗೆ ಹಾಕಿಸಿದೆ.

ಆಮೇಲೆ ಒಂದೂವರೆ ಇಂಚು ದಪ್ಪದ ಮರದ ತುಂಡನ್ನು ಬಾಗಿಲ ಕೆಳಗೆ ಮಲಗಿಸಿ ಮುಚ್ಚಿದೆವು. ಮೊದಲು ಬಾಗಿಲು ಅದನ್ನು ಒತ್ತಿಕೊಂಡೇ ನಿಂತಿತು. ಮೋಟಾರ್ ಒತ್ತುವ ಫೋರ್ಸ್ ಕಡಿಮೆ ಮಾಡಿದ ಮೇಲೆ, ತಾಗಿದ ಕೂಡಲೇ ವಾಪಸ್ ಮೇಲೆ ಹೋಯಿತು. ಈ ಪರೀಕ್ಷೆ ತಿಂಗಳಿಗೊಮ್ಮೆ ಮಾಡಲೇಬೇಕು.

ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋಗುವುದು ಜಾಸ್ತಿ. ಮೋಟಾರ್‌ನಿಂದ ಬಾಗಿಲನ್ನು ಬಿಡಿಸುವ ಕೆಂಪು ಹಗ್ಗ ಎಳೆದು ಕೈಯಲ್ಲೇ ತೆಗೆಯುವುದನ್ನು ಅತ್ತೆಗೂ ತೋರಿಸಿದ್ದೇನೆ. ಬಾಗಿಲು ಪೂರ್ತಿ ಮುಚ್ಚಿರುವಾಗಲೇ ಎಳೆಯಿರಿ, ಇಲ್ಲದಿದ್ದರೆ ದಡಕ್ಕನೆ ಬೀಳಬಹುದು. ಸ್ವಿಚ್ಚು 5 ಅಡಿ ಎತ್ತರದಲ್ಲಿದೆ, ರಿಮೋಟ್ ಮಗುವಿನ ಕೈಗೆ ಕೊಡುವುದಿಲ್ಲ.