ಅಡ್ವೆಂಟ್‌ಗೆ ‘ಆಗಮನ ಕಾಲ’ ಸರಿ, ‘ಪುಷ್ಪಚಕ್ರ’ ಬೇಡ

ಪ್ರಶ್ನೆ: ಕ್ರಿಸ್‌ಮಸ್‌ಗೆ ಮುಂಚಿನ ಸಿದ್ಧತೆಯ ಕಾಲವಾದ ಅಡ್ವೆಂಟನ್ನು ಮನೆಗಳಲ್ಲಿ ಆಚರಿಸುವ ಬಗೆಯನ್ನು ತಿಳಿಸುವ ಕನ್ನಡ ಕೈಪಿಡಿಯೊಂದು ಸಿದ್ಧವಾಗುತ್ತಿದೆ. ಅಡ್ವೆಂಟ್‌ಗೆ ‘ಆಗಮನ ಕಾಲ’ ಎಂದರೆ ಸಾಕೇ? ನಾಲ್ಕು ಮೇಣದಬತ್ತಿ ನಿಲ್ಲಿಸುವ ಹಸಿರೆಲೆಯ ಬಳೆಗೆ ಕರಡಿನಲ್ಲಿ ‘ಪುಷ್ಪಚಕ್ರ’ ಎಂದಿದೆ. ಕ್ರಿಸ್‌ಮಸ್‌ವರೆಗೆ ದಿನ ಎಣಿಸುವ ಅಡ್ವೆಂಟ್ ಕ್ಯಾಲೆಂಡರಿಗೆ ‘ಆಗಮನ ಪಂಚಾಂಗ’. ತಿಳಿದವರು ದಯವಿಟ್ಟು ತಿದ್ದಿಕೊಡಿ.

ಉತ್ತರ 1: ‘ಆಗಮನ ಕಾಲ’ವನ್ನು ಧೈರ್ಯವಾಗಿ ಬಳಸಿ, ಚರ್ಚುಗಳಲ್ಲಿ ಬಳಕೆಯಲ್ಲಿರುವುದೂ ಅದೇ. ಲ್ಯಾಟಿನ್ನಿನ ‘ಅಡ್ವೆಂಟುಸ್’ ಎಂದರೆ ಬರುವಿಕೆ: ‘ಅದ್’ ಉಪಸರ್ಗ, ‘ವೆನಿರೆ’ ಧಾತು. ಆ ‘ವೆನಿರೆ’ಯೂ ಸಂಸ್ಕೃತದ ‘ಗಮ್’ ಧಾತುವೂ ಒಂದೇ ಇಂಡೋ-ಯುರೋಪಿಯನ್ ಬೇರಿನಿಂದ ಹುಟ್ಟಿದವು. ಹಾಗಾಗಿ ‘ಆಗಮನ’ ಬರಿಯ ಅನುವಾದವಲ್ಲ, ದೂರದ ದಾಯಾದಿ. ‘ಬರವು’ ಎಂಬ ಅಚ್ಚಗನ್ನಡ ಪದ ನನಗೆ ಇನ್ನೂ ಇಷ್ಟ. ‘ಬರವ ಹಾರು’ ಎಂಬ ಹಳೆಯ ನುಡಿಯಲ್ಲಿ ಕಾಯುವುದೂ ಹಂಬಲಿಸುವುದೂ ಎರಡೂ ಇವೆ. ಆದರೆ ಇಂದಿನ ಓದುಗರು ‘ಬರವಿನ ಕಾಲ’ ಎಂದು ಓದಿದರೆ ಮಳೆಯಿಲ್ಲದ ಬರ ಎಂದುಕೊಂಡಾರು. ‘ಪುನರಾಗಮನ’ ಎಂದು ಮಾತ್ರ ಬರೆಯಬೇಡಿ, ಅದು ಮರಳಿ ಬರುವುದನ್ನಷ್ಟೇ ಹೇಳುತ್ತದೆ. ಈ ಕಾಲದಲ್ಲಿ ಕ್ರಿಸ್ತನ ಮೊದಲ ಬರುವಿಕೆಯ ನೆನಪೂ ಮುಂದಿನ ಬರುವಿಕೆಯ ನಿರೀಕ್ಷೆಯೂ ಸೇರಿವೆ.

‘ಪುಷ್ಪಚಕ್ರ’ವನ್ನು ಖಂಡಿತ ತೆಗೆಯಿರಿ. ಪತ್ರಿಕೆಗಳಲ್ಲಿ ಅದು ಪಾರ್ಥಿವ ಶರೀರಕ್ಕೆ, ಹುತಾತ್ಮರ ಸ್ಮಾರಕಕ್ಕೆ ಅರ್ಪಿಸುವ ವಸ್ತು. ಮೇಲಾಗಿ ಇದರಲ್ಲಿ ಹೂವಿಗಿಂತ ಎಲೆಯೇ ಮುಖ್ಯ. ‘ಹಾರ’, ‘ಮಾಲೆ’ ಎಂದರೆ ಕೊರಳಿಗೆ ಹಾಕುವುದು; ಇದಾದರೋ ಮೇಜಿನ ಮೇಲೆ ಮಲಗಿರುವ ವಸ್ತು. ‘ಆಗಮನ ಚಕ್ರ’ಕ್ಕೆ ಚರಿತ್ರೆಯ ಬೆಂಬಲ ಇದೆ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬಡಮಕ್ಕಳ ಆಶ್ರಯಧಾಮ ನಡೆಸುತ್ತಿದ್ದ ಯೋಹಾನ್ ಹಿನ್ರಿಶ್ ವಿಶೆರ್ನ್ ಬಳಸಿದ್ದು ಗಾಡಿಯ ಗಾಲಿಯನ್ನೇ. ಅದರ ಮೇಲೆ ವಾರದ ದಿನಗಳಿಗೆ 20 ಸಣ್ಣ ಕೆಂಪು ಬತ್ತಿ, ಭಾನುವಾರಗಳಿಗೆ 4 ದೊಡ್ಡ ಬಿಳಿ ಬತ್ತಿ. ಆ ವರ್ಷ ಡಿಸೆಂಬರ್ 1 ಭಾನುವಾರವಾಗಿತ್ತು, 24ರವರೆಗೆ ಲೆಕ್ಕ ಸರಿಹೋಗುತ್ತದೆ. ಆದರೂ ನನ್ನ ಒಲವು ‘ಹಸಿರು ಸಿಂಬಿ’ಯ ಕಡೆಗೆ. ಕೊಡದ ಕೆಳಗಿಡುವ ಸಿಂಬಿಯಂತೆಯೇ ಇದೂ ಸುತ್ತಿದ್ದು, ಮಲಗಿದ್ದು, ಮೇಲೆ ಏನನ್ನೋ ಹೊರುವಂಥದ್ದು. ಮೊದಲ ಸಲ ಬರೆಯುವಾಗ ‘ಆಗಮನ ಚಕ್ರ, ಅಂದರೆ ಮೇಣದಬತ್ತಿ ನಿಲ್ಲಿಸುವ ಹಸಿರು ಸಿಂಬಿ’ ಎಂದರೆ ಯಾರಿಗೂ ಚಿತ್ರ ಬೇಕಾಗುವುದಿಲ್ಲ.

ಬಣ್ಣದ ಪದಗಳಲ್ಲೂ ಎಚ್ಚರವಿರಲಿ. ಕ್ಯಾಥೊಲಿಕ್ ಮನೆಗಳಲ್ಲಿ ಮೂರು ನೇರಳೆ ಬತ್ತಿ, ಒಂದು ಗುಲಾಬಿ. ಗುಲಾಬಿ ಬತ್ತಿ ಹಚ್ಚುವುದು ಮೂರನೆಯ ಭಾನುವಾರ, ಕೊನೆಯದಲ್ಲ. ಆ ದಿನದ ‘ಗೌದೆತೆ’ ಎಂಬ ಲ್ಯಾಟಿನ್ ಹೆಸರಿಗೆ ‘ಆನಂದಿಸಿರಿ’ ಎಂದರ್ಥ. ಜರ್ಮನಿಯಲ್ಲಿ ನಾಲ್ಕೂ ಕೆಂಪು ಇರುವುದು ಸಾಮಾನ್ಯ. ‘ಪ್ರತಿ ವಾರ ಒಂದು ಬತ್ತಿ ಹಚ್ಚಿ’ ಎಂಬ ವಾಕ್ಯವೂ ದಾರಿ ತಪ್ಪಿಸುತ್ತದೆ: ಎರಡನೆಯ ವಾರ ಎರಡು, ಮೂರನೆಯ ವಾರ ಮೂರು ಉರಿಯಬೇಕು. ‘ವಾರಕ್ಕೊಂದರಂತೆ ಸೇರಿಸುತ್ತ’ ಎಂದು ಬರೆಯಿರಿ. ಮೊದಲ ಬತ್ತಿ ನಾಲ್ಕು ವಾರವೂ ಉರಿಯುವುದರಿಂದ ಅದೇ ಎಲ್ಲಕ್ಕಿಂತ ಗಿಡ್ಡವಾಗುತ್ತದೆ. ನಮ್ಮಲ್ಲಿ ಗಾಳಿಮರದ ಸೊಪ್ಪು ಸುತ್ತಿದರೆ ಬೇಗ ಒಣಗಿ ಬೆಂಕಿ ಹಿಡಿಯುವ ಭಯ. ಸೊಪ್ಪನ್ನು ವಾರಕ್ಕೊಮ್ಮೆ ಬದಲಿಸಿ, ಕೆಳಗೆ ಲೋಹದ ತಟ್ಟೆ ಇಡಿ, ಮೇಣದಬತ್ತಿ ಗೇಣುದ್ದವಿರಲಿ, ಸೊಪ್ಪಿನ ಹತ್ತಿರಕ್ಕೆ ಉರಿದು ಇಳಿಯುವ ಮೊದಲೇ ಹೊಸದಿಡಿ ಎಂಬ ಸೂಚನೆಯೂ ಕೈಪಿಡಿಯಲ್ಲಿರಲಿ.

ಉತ್ತರ 2: ‘ಸಿಂಬಿ’ಗೆ ನನ್ನದೂ ಮತ. ‘ಪಂಚಾಂಗ’ ಬೇಡ, ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂಬ ಐದು ಅಂಗಗಳು ಇದರಲ್ಲಿಲ್ಲ. ‘ಆಗಮನ ಕ್ಯಾಲೆಂಡರ್’ ಎಂದೇ ಇರಲಿ. ದಿನಕ್ಕೊಂದು ತೆರೆಯುವ ಪುಟ್ಟ ಬಾಗಿಲಿಗೆ ಮಾತ್ರ ‘ಕಿಂಡಿ’ ಎನ್ನಿ, ಕನಕನ ಕಿಂಡಿಯ ನಾಡಿನಲ್ಲಿ ಆ ಪದಕ್ಕೆ ವಿವರಣೆ ಬೇಡ. ಅಂಗಡಿಯ ಕ್ಯಾಲೆಂಡರಿನಲ್ಲಿ ಸಾಮಾನ್ಯವಾಗಿ ಡಿಸೆಂಬರ್ 1ರಿಂದ 24 ಕಿಂಡಿ. ಚರ್ಚಿನ ಆಗಮನ ಕಾಲವಾದರೋ ನವೆಂಬರ್ 30ಕ್ಕೆ ಅತಿ ಹತ್ತಿರದ ಭಾನುವಾರ, ಅಂದರೆ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಎಂದಾದರೂ ಶುರುವಾಗುತ್ತದೆ; 22ರಿಂದ 28 ದಿನ. 2025ರಲ್ಲಿ ನವೆಂಬರ್ 30, 2026ರಲ್ಲಿ ನವೆಂಬರ್ 29. ಆದ್ದರಿಂದ ‘24 ದಿನಗಳ ಆಗಮನ ಕಾಲ’ ಎಂಬ ಮಾತು ಎಲ್ಲ ವರ್ಷಕ್ಕೂ ಹೊಂದದು.

ಕೈಪಿಡಿಯಲ್ಲಿ ‘ಗೋದಲಿ’ಯ ಮಾತೂ ಬಂದೇ ಬರುತ್ತದೆ. ಮೂಲದಲ್ಲಿ ಅದು ದನಕ್ಕೆ ಮೇವು ಹಾಕುವ ಜಾಗ. ಈಗ ಕೊಟ್ಟಿಗೆ, ಕುರಿಗಾಹಿಗಳು, ನಕ್ಷತ್ರ ಎಲ್ಲ ಸೇರಿದ ಇಡೀ ಅಲಂಕಾರಕ್ಕೆ ಅದೇ ಹೆಸರು. ‘24ರ ರಾತ್ರಿಯವರೆಗೆ ಗೋದಲಿ ಖಾಲಿ ಇರಲಿ’ ಎಂದು ಬರೆದರೆ ಏನನ್ನೂ ಜೋಡಿಸಬಾರದೇನೋ ಎಂದು ಓದುಗರು ಗೊಂದಲಪಟ್ಟಾರು. ‘ಗೋದಲಿ ಕಟ್ಟಿ, ಬಾಲಯೇಸುವಿನ ಮೂರ್ತಿಯನ್ನು 24ರ ರಾತ್ರಿ ಇಡಿ’ ಎನ್ನುವುದೇ ಸ್ಪಷ್ಟ. ಅದರ ಹಸಿರಿಗೆ ತಟ್ಟೆಯಲ್ಲಿ ರಾಗಿ ಬಿತ್ತುವವರಿಗೆ ‘ಮೊಳಕೆ’ ಎನ್ನದೆ ‘ಪೈರು’ ಎನ್ನಿ. ರಾಗಿಯನ್ನು ರಾತ್ರಿ ನೆನೆಸಿ, ಹತ್ತು ಹನ್ನೆರಡು ದಿನ ಮೊದಲು ಒತ್ತಾಗಿ ಬಿತ್ತಬೇಕು. ಇನ್ನೂ ಮುಂಚೆ ಬಿತ್ತಿದರೆ ನೆರಳಲ್ಲಿ ಸೊರಗಿ ಉದ್ದವಾಗಿ, ಹಬ್ಬದ ಹೊತ್ತಿಗೆ ಬಾಗಿ ಬೀಳುತ್ತದೆ.