ಮೂವರೇ ಇರುವ ಅಂಗಡಿಗೆ ಐಎಸ್‌ಒ 13485: ಮಾಡಿಸಿದವರು ಅನುಭವ ಹೇಳಿ

ಉಪ್ಪಳದಿಂದ: ನಮ್ಮದು ಕೇರಳದ ಗಡಿಯ ಕಾಸರಗೋಡು ಜಿಲ್ಲೆಯ ಸಣ್ಣ ಅಂಗಡಿ. ರೋಗಿಯ ಮಂಚ, ಗಾಲಿಕುರ್ಚಿ, ಕಫ ಎಳೆಯುವ ಸಕ್ಷನ್ ಮೆಷಿನ್, ಗಾಳಿಯಿಂದ ಆಕ್ಸಿಜನ್ ತೆಗೆದುಕೊಡುವ ಕಾನ್ಸಂಟ್ರೇಟರ್ ಮನೆಗೆ ಬಾಡಿಗೆಗೆ ಕೊಡುತ್ತೇವೆ, ಮಾರುತ್ತೇವೆ. ವೈದ್ಯಕೀಯ ಉಪಕರಣ ಮಾರಲು ಬೇಕಾದ ಎಂಡಿ-42 ನೋಂದಣಿ ಇದೆ. ಈಗ ಮಂಗಳೂರಿನ ಒಂದು ಆಸ್ಪತ್ರೆಯವರು 13485 (ವೈದ್ಯಕೀಯ ಉಪಕರಣದ ಕೆಲಸ ಕ್ರಮವಾಗಿ ನಡೆಯುತ್ತದೆ ಅನ್ನುವ ಗುಣಮಟ್ಟದ ಸರ್ಟಿಫಿಕೇಟ್) ಇದ್ದರೆ ಮಾತ್ರ ಡಿಸ್ಚಾರ್ಜ್ ಆದವರನ್ನು ನಮ್ಮ ಕಡೆ ಕಳಿಸುತ್ತೇವೆ ಅನ್ನುತ್ತಾರೆ. ನಾನು, ತಮ್ಮ, ಒಬ್ಬ ಹುಡುಗ, ಇಷ್ಟೇ ಜನ. ನಮ್ಮಿಂದ ಆಗುತ್ತಾ? ಎಷ್ಟು ಖರ್ಚು?

ಬದಿಯಡ್ಕದಿಂದ: ನನ್ನ ಕಥೆ ಕೇಳಿ. ಮೊದಲು ವಾಟ್ಸಾಪ್‌ನಲ್ಲಿ ಬಂದ ಒಬ್ಬನಿಗೆ 7,500 ಕೊಟ್ಟೆ. ನಾಲ್ಕೇ ದಿನದಲ್ಲಿ ಸರ್ಟಿಫಿಕೇಟ್ ಬಂತು. ಫ್ರೇಮ್ ಹಾಕಿ ಗೋಡೆಗೆ ತೂಗುಹಾಕಿದೆ. ಆಸ್ಪತ್ರೆಯವರು ನೋಡಿದ ಕೂಡಲೇ ವಾಪಸ್ ಕೊಟ್ಟರು. ಕೊಟ್ಟ ಕಂಪನಿಗೇ ಎನ್‌ಎಬಿಸಿಬಿ (ಸರ್ಟಿಫಿಕೇಟ್ ಕೊಡುವ ಕಂಪನಿಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರಲಿಲ್ಲ. ಆಮೇಲೆ ಸರಿಯಾದ ದಾರಿ ಹಿಡಿದೆ. ಕನ್ಸಲ್ಟೆಂಟ್‌ಗೆ 55,000, ಆಡಿಟ್‌ಗೆ 68,000, ಆಡಿಟರ್‌ನ ರೈಲು, ಲಾಡ್ಜ್, ಊಟಕ್ಕೆ 6,840, ಮೆಷಿನ್‌ನಿಂದ ಬರುವ ಆಕ್ಸಿಜನ್ ಎಷ್ಟು ಅಂತ ಅಳೆಯುವ ಅನಲೈಸರ್‌ಗೆ 21,000, ಅಳತೆಯ ಉಪಕರಣ ಸರಿ ತೋರಿಸುತ್ತಾ ಅಂತ ಲ್ಯಾಬಿನಲ್ಲಿ ನೋಡಿಸುವ ಕ್ಯಾಲಿಬ್ರೇಷನ್‌ಗೆ 3,200. ಮೊದಲು ಕಳೆದದ್ದೂ ಸೇರಿ 1,61,540. ಇಷ್ಟಕ್ಕೇ ಮುಗಿಯಲಿಲ್ಲ. ಸರ್ಟಿಫಿಕೇಟ್ ಮೂರು ವರ್ಷಕ್ಕೆ ಅಂತ ಬರೆದಿದ್ದರೂ ಪ್ರತಿ ವರ್ಷ ಬಂದು ನೋಡುತ್ತಾರೆ, ಅದಕ್ಕೂ ದುಡ್ಡು.

ಎರಡನೇ ಹಂತದ ಆಡಿಟ್‌ನಲ್ಲಿ ನಾನು ಸಿಕ್ಕಿಬಿದ್ದದ್ದು ಒಂದು ಥರ್ಮಾಮೀಟರ್‌ನಿಂದ. ಗೋಡೌನಿನ ಉಷ್ಣತೆಯನ್ನು ಐದು ತಿಂಗಳು ದಿನಾ ಬೆಳಿಗ್ಗೆ ಒಂಬತ್ತಕ್ಕೆ ಬರೆದಿಟ್ಟಿದ್ದೆ. ಒಂದು ದಿನವೂ ತಪ್ಪಿಸಿರಲಿಲ್ಲ. "ಈ ಥರ್ಮಾಮೀಟರ್ ಸರಿ ತೋರಿಸುತ್ತೆ ಅಂತ ನಿಮಗೆ ಹೇಗೆ ಗೊತ್ತು?" ಅಂತ ಕೇಳಿದರು. ಕ್ಯಾಲಿಬ್ರೇಷನ್ ಪತ್ರ ಇರಲಿಲ್ಲ. ಐದು ತಿಂಗಳ ಬರವಣಿಗೆ ನೀರಿಗೆ ಹೋಯಿತು. ಆವತ್ತು ರಾತ್ರಿ ನಾನು ಊಟ ಮಾಡಲಿಲ್ಲ.

ಮುಳ್ಳೇರಿಯದಿಂದ: ಕನ್ಸಲ್ಟೆಂಟ್‌ಗೆ 55,000 ಕೊಡಬೇಕಾಗಿರಲಿಲ್ಲ. ನಾನು ನಯಾಪೈಸೆ ಕೊಟ್ಟಿಲ್ಲ. ಹನ್ನೊಂದು ತಿಂಗಳು ನಾನೇ ಓದಿದೆ, ನನ್ನ ಹೆಂಡತಿ ರಿಜಿಸ್ಟರ್ ಬರೆದಳು. ಪ್ರತಿ ಮೆಷಿನ್‌ಗೂ ಒಂದು ಪುಟ: ಸೀರಿಯಲ್ ನಂಬರ್, ಯಾರ ಮನೆಗೆ ಹೋಯಿತು, ಯಾವತ್ತು ವಾಪಸ್ ಬಂತು, ಯಾರು ತೊಳೆದರು, ಫಿಲ್ಟರ್ ಯಾವಾಗ ಬದಲಾಯಿತು.

ಅದರ ಬೆಲೆ ಗೊತ್ತಾದದ್ದು ಕಳೆದ ಮಳೆಗಾಲದಲ್ಲಿ. ಒಬ್ಬ ಅಜ್ಜನ ಮನೆಯಿಂದ ಒಂದು ಐದು ಲೀಟರಿನ ಕಾನ್ಸಂಟ್ರೇಟರ್ ವಾಪಸ್ ಬಂತು. ಹೊರಗಿನಿಂದ ಹೊಸದರ ಹಾಗೆ ಇತ್ತು. ಅನಲೈಸರ್ ಹಿಡಿದರೆ ಆಕ್ಸಿಜನ್ ಶೇಕಡಾ 84. ಅದು 93ರ ಆಸುಪಾಸು, ಕಡಿಮೆ ಅಂದರೂ 90 ಇರಬೇಕು. ಪುಟ ತೆಗೆದು ನೋಡಿದೆ. ಆ ಮನೆಗೆ ಹೋಗುವ ಮುಂಚೆ ಎರಡು ತಿಂಗಳು ಆ ಮೆಷಿನ್ ಗೋಡೌನಿನ ಮೂಲೆಯಲ್ಲಿ ಸುಮ್ನೆ ಕೂತಿತ್ತು, ಒಮ್ಮೆಯೂ ಓಡಿಸಿರಲಿಲ್ಲ. ನಮ್ಮ ಮಳೆಯ ತೇವ ಒಳಗಿನ ಜಿಯೋಲೈಟ್‌ಗೆ (ಗಾಳಿಯಿಂದ ನೈಟ್ರೋಜನ್ ಹೀರಿಕೊಳ್ಳುವ ಹರಳು) ಇಳಿದಿತ್ತು. ಅಂದರೆ ನಾನು ಆ ಮನೆಗೆ ಕೊಟ್ಟದ್ದೇ ಕೆಟ್ಟ ಮೆಷಿನ್! ಆ ಅಜ್ಜನಿಗೆ ಫೋನ್ ಮಾಡುವಾಗ ಕೈ ನಡುಗಿತು. ಚೆನ್ನಾಗಿದ್ದರು, ದೇವರು ದೊಡ್ಡವನು. ಈಗ ಮಳೆಗಾಲದಲ್ಲಿ ಖಾಲಿ ಇರುವ ಮೆಷಿನ್‌ಗಳನ್ನೂ ವಾರಕ್ಕೊಮ್ಮೆ ಓಡಿಸಿ, ರೀಡಿಂಗ್ ಬರೆಯುತ್ತೇವೆ. ಹೊರಗೆ ಕಳಿಸುವ ಮುಂಚೆ ಇನ್ನೊಮ್ಮೆ.

ಪೆರ್ಲದ ಪಾಲಿಯೇಟಿವ್ (ಹಾಸಿಗೆ ಹಿಡಿದವರ ಆರೈಕೆ) ಕಾರ್ಯಕರ್ತೆ: ನಿಮ್ಮ ಖರ್ಚಿನ ಲೆಕ್ಕ ಎಲ್ಲ ಓದಿದೆ. ಆ ದುಡ್ಡು ಕೊನೆಗೆ ಯಾರ ತಲೆಗೆ ಬರುತ್ತದೆ? ಎಂಡೋಸಲ್ಫಾನ್ ಕೀಟನಾಶಕ ಬಿದ್ದ ಊರು ನಮ್ಮದು. ಹಾಸಿಗೆ ಬಿಟ್ಟು ಏಳದ ಮಕ್ಕಳಿರುವ ಮನೆಗಳಿಗೆ ದಿನಾ ಹೋಗುತ್ತೇನೆ. ಒಂದು ಮನೆಯಲ್ಲಿ ಕಾನ್ಸಂಟ್ರೇಟರ್‌ಗೆ ತಿಂಗಳಿಗೆ 5,500 ಬಾಡಿಗೆ. ಅದೇ ಅಂಗಡಿಯವರು ಸರ್ಟಿಫಿಕೇಟ್ ಸಿಕ್ಕಿದ ಮೇಲೆ 6,200 ಮಾಡಿದರು. ನಾವು ಮಂಚ, ಏರ್‌ಬೆಡ್ ಎಲ್ಲ ಪುಕ್ಕಟೆ ಕೊಡುತ್ತೇವೆ.

ಮುಳ್ಳೇರಿಯದಿಂದ: ಅಕ್ಕ, ಬೇಜಾರು ಮಾಡಬೇಡಿ. ನೀವು ಪುಕ್ಕಟೆ ಕೊಟ್ಟ ಒಂದು ಮಂಚ ನಮ್ಮ ಅಂಗಡಿಗೆ ರಿಪೇರಿಗೆ ಬಂದಿತ್ತು. ನಾಲ್ಕು ಗಾಲಿಯಲ್ಲಿ ಎರಡಕ್ಕೆ ಬ್ರೇಕ್ ಹಿಡಿಯುತ್ತಿರಲಿಲ್ಲ. ಆ ಮಂಚ ಮೊದಲು ಯಾರ ಮನೆಯಲ್ಲಿತ್ತು ಅಂತ ಕೇಳಿದರೆ ನಿಮ್ಮವರಿಗೆ ಗೊತ್ತಿರಲಿಲ್ಲ.

ಪೆರ್ಲದ ಪಾಲಿಯೇಟಿವ್ ಕಾರ್ಯಕರ್ತೆ: ಬ್ರೇಕ್ ಇಲ್ಲದ ಮಂಚ ನೆಲಕ್ಕಿಂತ ವಾಸಿ ಅಣ್ಣ. ಆ ಮನೆಯವರು ಮಗುವನ್ನು ಚಾಪೆಯಲ್ಲಿ ಮಲಗಿಸುತ್ತಿದ್ದರು, ಬೆನ್ನು ಹುಣ್ಣಾಗಿತ್ತು. ನಿಮ್ಮ ಪುಟದಲ್ಲಿ ಅದಕ್ಕೆ ಜಾಗ ಉಂಟಾ?

ಬದಿಯಡ್ಕದಿಂದ: ಅಕ್ಕ ಪುಟದ ಬಗ್ಗೆ ಹೇಳಿದ ಮಾತು ನನಗೂ ತಾಗಿತು. ಆಡಿಟ್‌ಗೆ ಅಂತ ಕನ್ಸಲ್ಟೆಂಟ್ ಹದಿನಾಲ್ಕು ಪುಟದ ಬಳಕೆ ಸೂಚನೆ ಇಂಗ್ಲಿಷಿನಲ್ಲಿ ಮಾಡಿಕೊಟ್ಟ. ಆಡಿಟರ್‌ಗೆ ಖುಷಿಯಾಯಿತು. ರೋಗಿಯ ಮನೆಯಲ್ಲಿ ಮೆಷಿನ್ ನೋಡಿಕೊಳ್ಳುವ ಅಮ್ಮ ಓದುವುದು ಕನ್ನಡ ಮಾತ್ರ, ಮಾತು ತುಳು. ಆಕ್ಸಿಜನ್‌ಗೆ ತೇವ ಕೊಡುವ ಬಾಟಲಿಗೆ ಡಿಸ್ಟಿಲ್ಡ್ ನೀರೇ ಹಾಕಬೇಕು, ಬೀಡಿ ಸೇದುವವರು ಹತ್ತಿರ ಬರಬಾರದು ಅನ್ನುವುದು ಅವರಿಗೆ ಹೇಗೆ ಗೊತ್ತಾಗಬೇಕು? ನಾನೇ ಒಂದು ಪುಟ ಕನ್ನಡದಲ್ಲಿ ಬರೆದು ಮೆಷಿನ್‌ಗೆ ಅಂಟಿಸಿದೆ.

ತಲಪಾಡಿಯಿಂದ: ಕಾಸರಗೋಡಿನಲ್ಲಿ ಕನ್ನಡ ಕೇಳಿದರೆ ಮಲಯಾಳ ಕೊಡುತ್ತಾರೆ, ಮಂಗಳೂರಿಗೆ ಹೋದರೆ ಕೇರಳದವರು ಅನ್ನುತ್ತಾರೆ. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಕರ್ನಾಟಕದವರು ಗಡಿಯ ರಸ್ತೆಗೆ ಮಣ್ಣು ಸುರಿದು ಮುಚ್ಚಿದ್ದು ಮರೆತಿರಾ? ಮಂಗಳೂರಿನ ಆಸ್ಪತ್ರೆಯನ್ನೇ ನಂಬಿ 1.6 ಲಕ್ಷ ಹಾಕುವ ಮುಂಚೆ ಅದನ್ನೂ ಯೋಚಿಸಿ.

ಮುಳ್ಳೇರಿಯದಿಂದ: ಇಲ್ಲಿ ಗಡಿ ವಿಷಯ ಯಾಕೆ ಮಾರಾಯ್ರೇ? ಅವರು ಕೇಳಿದ್ದು 13485.

ತಲಪಾಡಿಯಿಂದ: ಗಡಿ ಮುಚ್ಚಿದಾಗ ಡಯಾಲಿಸಿಸ್‌ಗೆ ಹೋಗಲಾಗದೆ ಕೂತದ್ದು ನನ್ನ ಮಾವ. ನನಗೆ ಅದು ಬೇರೆ ವಿಷಯ ಅಲ್ಲ.

ಉಪ್ಪಳದಿಂದ: ಎಲ್ಲರಿಗೂ ಧನ್ಯವಾದ. ಜಗಳ ಬೇಡ. ಬದಿಯಡ್ಕದ ಅಣ್ಣ, ಆ ಥರ್ಮಾಮೀಟರನ್ನು ಆಮೇಲೆ ಏನು ಮಾಡಿದಿರಿ?

ಬದಿಯಡ್ಕದಿಂದ: ಲ್ಯಾಬಿಗೆ ಕಳಿಸಿದೆ. ಪತ್ರದ ಮೇಲೆ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಮಂಡಳಿ) ಗುರುತು ಇರುವ ಲ್ಯಾಬೇ ಆಗಬೇಕು, ಮೊದಲೇ ಕೇಳಿ. ಥರ್ಮಾಮೀಟರ್ ಒಂದೂವರೆ ಡಿಗ್ರಿ ಜಾಸ್ತಿ ತೋರಿಸುತ್ತಿತ್ತು. ಮತ್ತೆ, ಆಕ್ಸಿಜನ್ ಸಿಲಿಂಡರ್ ಇಡುವ ಯೋಚನೆ ಇದ್ದರೆ ಈಗಲೇ ಹೇಳಿ. ಮೆಡಿಕಲ್ ಆಕ್ಸಿಜನ್ ಔಷಧದ ಲೆಕ್ಕಕ್ಕೆ ಬರುತ್ತದೆ, ಎಂಡಿ-42 ಸಾಲದು, ಡ್ರಗ್ ಲೈಸೆನ್ಸ್ ಬೇರೆ ಬೇಕು. ಅದರ ಖರ್ಚನ್ನೂ ಬರೆದಿಟ್ಟಿದ್ದೇನೆ, ನಾಳೆ ಹಾಕುತ್ತೇನೆ.