ಪದಚರ್ಚೆ: ‘ಔಟ್‌ಟೇಕ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಹಾಡುಗಾರ ಬಾಬ್ ಡಿಲನ್‌ನ ನಡುಗಾಲದ ಧ್ವನಿಮುದ್ರಣಗಳ ಬಗ್ಗೆ, ಅಂದರೆ 1979ರಿಂದ 1985ರವರೆಗಿನ ಹಾಡುಗಳ ಬಗ್ಗೆ, ಕನ್ನಡದಲ್ಲಿ ಒಂದು ಉದ್ದನೆಯ ಲೇಖನ ಬರೆಯುತ್ತಿದ್ದೇನೆ. ಕೆಲವು ಪದಗಳ ಹತ್ತಿರ ಬಂದಾಗಲೆಲ್ಲ ಕೈ ನಿಲ್ಲುತ್ತಿದೆ. ಅದರಲ್ಲಿ ಮುಖ್ಯವಾದದ್ದು ‘ಔಟ್‌ಟೇಕ್’. ಆಲ್ಬಮ್‌ಗೆಂದು ಸ್ಟುಡಿಯೋದಲ್ಲಿ ಹಾಡಿ, ಟೇಪಿಗೆ ಹಿಡಿದು, ಕೊನೆಗೆ ಆಲ್ಬಮ್‌ಗೆ ಸೇರಿಸದೆ ಬಿಟ್ಟ ಹಾಡು. ಇದಕ್ಕೆ ಏನನ್ನೋಣ?

ಗೆಳೆಯರೊಬ್ಬರು ‘ತಿರಸ್ಕೃತ ಗೀತೆ’ ಎಂದು ಸೂಚಿಸಿದರು. ಓದಲು ಸಲೀಸಾಗಿದೆ, ಅರ್ಥವೂ ಥಟ್ಟನೆ ಆಗುತ್ತದೆ. ಆದರೂ ನನ್ನ ಮನಸ್ಸು ಒಪ್ಪುತ್ತಿಲ್ಲ. ತಿರಸ್ಕಾರ ಎಂದ ಕೂಡಲೇ ತೀರ್ಪು ಬಂದುಬಿಡುತ್ತದೆ. ಹಾಡು ಚೆನ್ನಾಗಿರಲಿಲ್ಲ, ಅದಕ್ಕೇ ಬಿಟ್ಟರು ಎಂದು ಓದುಗರು ಮೊದಲೇ ಅಂದುಕೊಳ್ಳುತ್ತಾರೆ. ನನ್ನ ಲೇಖನ ಹೇಳಹೊರಟಿರುವುದು ಇದಕ್ಕೆ ತೀರಾ ಎದುರಾದ ಮಾತನ್ನು. ಹಾಗಾಗಿ ಸ್ವಲ್ಪ ಹಿನ್ನೆಲೆ ಹೇಳಿಯೇ ಪದಗಳಿಗೆ ಬರುತ್ತೇನೆ.

ಡಿಲನ್‌ನ 1960ರ ದಶಕದ ಹಾಡುಗಳು ಎಲ್ಲರಿಗೂ ಗೊತ್ತು. 1997ರ ನಂತರದ ಆಲ್ಬಮ್‌ಗಳಿಗೂ ಒಳ್ಳೆಯ ಹೆಸರು ಬಂತು. 2016ರಲ್ಲಿ ನೊಬೆಲ್ ಕೂಡ ಸಿಕ್ಕಿತು. ನಡುವಿನ ವರ್ಷಗಳನ್ನು ಮಾತ್ರ ಬಹಳ ಕಾಲ ಜನ ದಾಟಿಕೊಂಡೇ ಹೋದರು. 1979ರಲ್ಲಿ ಅವನು ಕ್ರೈಸ್ತ ನಂಬಿಕೆಯ ಹಾಡುಗಳನ್ನೇ ಹಾಡತೊಡಗಿದ. ‘ಸ್ಲೋ ಟ್ರೇನ್ ಕಮಿಂಗ್’ ಆ ವರ್ಷವೇ ಬಂತು. ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಾರ್‌ಫೀಲ್ಡ್ ಥಿಯೇಟರಿನಲ್ಲಿ 14 ರಾತ್ರಿ ಹಾಡಿದ. ಹಳೆಯ ಹಾಡು ಒಂದೂ ಇಲ್ಲ. ಸಭೆಯಲ್ಲಿ ಕೆಲವರು ಕೂಗಾಡಿದರು, ಪತ್ರಿಕೆಗಳು ಹರಿಹಾಯ್ದವು. 1980ರಲ್ಲಿ ‘ಸೇವ್ಡ್’, 1981ರಲ್ಲಿ ‘ಶಾಟ್ ಆಫ್ ಲವ್’, 1983ರಲ್ಲಿ ‘ಇನ್‌ಫಿಡೆಲ್ಸ್’, 1985ರಲ್ಲಿ ‘ಎಂಪೈರ್ ಬರ್ಲೆಸ್ಕ್’ ಬಂದವು. ಡಿಲನ್ ಸೊರಗಿದ ಕಾಲ ಇದು ಎಂಬ ಮಾತೇ ಗಟ್ಟಿಯಾಯಿತು.

ಆ ಮಾತನ್ನು ಅಲುಗಾಡಿಸಿದ್ದು ಹಳೆಯ ಟೇಪುಗಳು. ಡಿಲನ್‌ನ ರೆಕಾರ್ಡ್ ಕಂಪನಿ 1991ರಲ್ಲಿ ‘ಬೂಟ್‌ಲೆಗ್ ಸೀರೀಸ್’ ಎಂಬ ಮಾಲೆ ಶುರು ಮಾಡಿತು. ಮೊದಲ ಮೂರು ಸಂಪುಟಗಳು ಒಟ್ಟಿಗೇ ಬಂದವು. 2017ರಲ್ಲಿ 13ನೇ ಸಂಪುಟ ‘ಟ್ರಬಲ್ ನೋ ಮೋರ್’ ಬಂತು. 1979ರಿಂದ 1981ರವರೆಗಿನ ಧ್ವನಿಮುದ್ರಣಗಳು, ದೊಡ್ಡ ಆವೃತ್ತಿಯಲ್ಲಿ 8 ಸಿಡಿ, ಒಂದು ಡಿವಿಡಿ. 2021ರಲ್ಲಿ 16ನೇ ಸಂಪುಟ ‘ಸ್ಪ್ರಿಂಗ್‌ಟೈಮ್ ಇನ್ ನ್ಯೂಯಾರ್ಕ್’ 1980ರಿಂದ 1985ರವರೆಗಿನ ಸ್ಟುಡಿಯೋ ಟೇಪುಗಳನ್ನು 5 ಸಿಡಿಗಳಲ್ಲಿ ಹೊರಗೆ ತಂದಿತು. ಇವನ್ನು ಕೇಳಿದ ಮೇಲೆ ‘ಸೊರಗಿದ ಕಾಲ’ ಎಂಬ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ‘ಸೇವ್ಡ್’ ಆಲ್ಬಮ್ಮನ್ನೇ ತೆಗೆದುಕೊಳ್ಳಿ. ಪ್ರವಾಸದಿಂದ ದಣಿದು ಬಂದ ತಂಡ ಅಲಬಾಮಾದ ಸ್ಟುಡಿಯೋದಲ್ಲಿ ಕೆಲವೇ ದಿನಗಳಲ್ಲಿ ಮುದ್ರಿಸಿದ್ದು ಅದು. ಸಪ್ಪೆಯಾಗಿದೆ, ನಿಜ. ಅದೇ ಹಾಡುಗಳನ್ನು ಅದೇ ತಂಡ ವೇದಿಕೆಯ ಮೇಲೆ ಹಾಡಿರುವುದನ್ನು 13ನೇ ಸಂಪುಟದಲ್ಲಿ ಕೇಳಬೇಕು. ಡ್ರಮ್ಸ್‌ನಲ್ಲಿ ಜಿಮ್ ಕೆಲ್ಟ್‌ನರ್, ಕೀಬೋರ್ಡ್‌ನಲ್ಲಿ ಸ್ಪೂನರ್ ಓಲ್ಡ್‌ಹ್ಯಾಮ್, ಹಿಂದೆ ದನಿಗೂಡಿಸುವ ಹೆಣ್ಣುಮಕ್ಕಳ ಸಾಲು. ಡಿಲನ್‌ನ ದನಿಯಲ್ಲಿ ಆ ಕಸುವು ಮುಂದೆ ಜಾಸ್ತಿ ಸಲ ಸಿಗಲಿಲ್ಲ ಎಂದೇ ನನ್ನ ಅನಿಸಿಕೆ. ಅವನ ನಂಬಿಕೆ ನಮ್ಮದಾಗಬೇಕಿಲ್ಲ. ದಾಸರ ಪದ ಕೇಳಲು ನಾವು ಮಾಧ್ವರೇ ಆಗಬೇಕಿಲ್ಲ, ಅಲ್ವಾ?

ಈಗ ‘ಔಟ್‌ಟೇಕ್’ಗೆ ಬರೋಣ. ನನ್ನ ತಕರಾರಿಗೆಲ್ಲ ಬುಡ ಒಂದು ಹಾಡು: ‘ಬ್ಲೈಂಡ್ ವಿಲ್ಲಿ ಮೆಕ್‌ಟೆಲ್’. ಅಮೆರಿಕದ ಜಾರ್ಜಿಯಾ ರಾಜ್ಯದ ಕುರುಡು ಬ್ಲೂಸ್ ಹಾಡುಗಾರ ಮೆಕ್‌ಟೆಲ್‌ನ ಹೆಸರು ಅದಕ್ಕೆ. ಗುಲಾಮಗಿರಿಯ ಕಾಲದ ತೋಟಗಳು, ಚಾಟಿಯ ಸದ್ದು, ಸರಪಳಿ ಕಟ್ಟಿದ ಕೈದಿಗಳು ಒಂದೊಂದಾಗಿ ಕಣ್ಣ ಮುಂದೆ ಬರುತ್ತವೆ. ಪ್ರತಿ ನುಡಿಯ ಕೊನೆಗೂ ಮೆಕ್‌ಟೆಲ್‌ನ ಹಾಗೆ ಬ್ಲೂಸ್ ಹಾಡುವವರು ಇನ್ನಿಲ್ಲ ಎಂಬ ಮಾತು. ಮಟ್ಟು ‘ಸೇಂಟ್ ಜೇಮ್ಸ್ ಇನ್‌ಫರ್ಮರಿ’ ಎಂಬ ಹಳೆಯ ಹಾಡಿಗೆ ಬಹಳ ಹತ್ತಿರ. 1983ರಲ್ಲಿ ನ್ಯೂಯಾರ್ಕಿನ ಪವರ್ ಸ್ಟೇಷನ್ ಸ್ಟುಡಿಯೋದಲ್ಲಿ ‘ಇನ್‌ಫಿಡೆಲ್ಸ್’ ಆಲ್ಬಮ್‌ಗೆಂದು ಇದನ್ನು ಹಾಡಿದರು. ಡೈರ್ ಸ್ಟ್ರೇಟ್ಸ್ ತಂಡದ ಮಾರ್ಕ್ ನಾಫ್ಲರ್ ಆ ಆಲ್ಬಮ್‌ನ ಜೊತೆ ನಿರ್ಮಾಪಕ. ಅವನು ತನ್ನ ತಂಡದ ಪ್ರವಾಸಕ್ಕೆ ಹೊರಟ ಮೇಲೆ ಕೊನೆಯ ಹಂತದ ಕೆಲಸವನ್ನು ಡಿಲನ್ ತಾನೇ ಮುಗಿಸಿದ. ಆಲ್ಬಮ್ ಬಂದಾಗ 8 ಹಾಡು ಇದ್ದವು. ‘ಯೂನಿಯನ್ ಸನ್‌ಡೌನ್’ ಇತ್ತು, ‘ನೈಬರ್‌ಹುಡ್ ಬುಲ್ಲಿ’ ಇತ್ತು. ‘ಬ್ಲೈಂಡ್ ವಿಲ್ಲಿ ಮೆಕ್‌ಟೆಲ್’ ಇರಲಿಲ್ಲ.

ಎಂಟು ವರ್ಷದ ನಂತರ, 1991ರ ಸಂಪುಟದಲ್ಲಿ, ಅದು ಅಧಿಕೃತವಾಗಿ ಹೊರಬಂತು. ಡಿಲನ್‌ನ ಪಿಯಾನೋ, ನಾಫ್ಲರ್‌ನ ಗಿಟಾರ್, ಅಷ್ಟೇ. ಇವತ್ತು ಅವನ ಅತ್ಯುತ್ತಮ ಹಾಡುಗಳನ್ನು ಹೆಸರಿಸುವವರು ಇದನ್ನು ಬಿಡುವುದು ಕಷ್ಟ. 1993ರಲ್ಲಿ ‘ದ ಬ್ಯಾಂಡ್’ ತಂಡ ಇದನ್ನು ಹಾಡಿತು. ಡಿಲನ್ ತಾನೇ ವೇದಿಕೆಯಲ್ಲಿ ಹಾಡತೊಡಗಿದ್ದು 1997ರಲ್ಲಿ. 2021ರ ಸಂಪುಟದಲ್ಲಿ ಇಡೀ ತಂಡದ ಜೊತೆ ಹಾಡಿದ ಇನ್ನೊಂದು ಟೇಕ್ ಇದೆ. ಮಿಕ್ ಟೇಲರ್‌ನ ಗಿಟಾರ್ ಇದೆ, ಸ್ಲೈ ಡನ್‌ಬಾರ್, ರಾಬಿ ಶೇಕ್ಸ್‌ಪಿಯರ್ ಜೋಡಿಯ ತಾಳ ಇದೆ. ಡಿಲನ್ ಮುಂದೊಮ್ಮೆ ಈ ಹಾಡಿನ ಬಗ್ಗೆ ಹೇಳಿದ ಮಾತಿನ ತಾತ್ಪರ್ಯ: ಅದು ಪೂರ್ತಿ ಬೆಳೆಯಲೇ ಇಲ್ಲ, ತಾನು ಅದನ್ನು ಮುಗಿಸಲಿಲ್ಲ.

ಇದನ್ನು ‘ತಿರಸ್ಕೃತ’ ಎಂದು ಕರೆಯುವುದು ಹೇಗೆ? ಬರೆದವನಿಗೇ ಅದು ಮುಗಿದಿಲ್ಲ ಅನ್ನಿಸಿತ್ತು. ಮುಗಿಯದ್ದನ್ನು ಪಕ್ಕಕ್ಕೆ ಇಡುವುದು ಬೇರೆ, ತಿರಸ್ಕರಿಸುವುದು ಬೇರೆ.

ನನಗೆ ಹೊಳೆದ ಪದಗಳು ನಾಲ್ಕು. ‘ಕೈಬಿಟ್ಟ ಹಾಡು’ ಎನ್ನಬಹುದು. ಆದರೆ ಕೈಬಿಟ್ಟದ್ದಕ್ಕೆ ಮತ್ತೆ ಮರಳುವ ಆಸೆ ಕಾಣುವುದಿಲ್ಲ. ‘ಎತ್ತಿಟ್ಟ ಹಾಡು’ ಎನ್ನಬಹುದು. ನಾವು ಮುಂದೆ ಬೇಕಾಗುತ್ತದೆ ಎಂದು ಗೊತ್ತಿದ್ದೇ ಎತ್ತಿಡುತ್ತೇವೆ. ಡಿಲನ್ ಹಾಗೆ ಲೆಕ್ಕ ಹಾಕಿ ಇಟ್ಟಂತೆ ಕಾಣುವುದಿಲ್ಲ, ಹಾಗಾಗಿ ಇದು ಸ್ವಲ್ಪ ಜಾಸ್ತಿಯಾಯಿತು. ಮೂರನೆಯದು ‘ಒತ್ತಟ್ಟಿಗಿಟ್ಟ ಹಾಡು’. ಸದ್ಯಕ್ಕೆ ನನ್ನ ಒಲವು ಇದರ ಕಡೆಗೆ. ಒತ್ತಟ್ಟಿಗಿಡುವುದರಲ್ಲಿ ಹೊಗಳಿಕೆ ಇಲ್ಲ, ತೆಗಳಿಕೆಯೂ ಇಲ್ಲ. ಇಟ್ಟವರ ಮನಸ್ಸಿನಲ್ಲಿ ಏನಿತ್ತು ಎಂಬ ಪ್ರಶ್ನೆ ತೆರೆದೇ ಇರುತ್ತದೆ. ಒಂದೇ ಕೊರತೆ ಎಂದರೆ ಉದ್ದ. ಒಂದು ಲೇಖನದಲ್ಲಿ ಇಪ್ಪತ್ತು ಸಲ ‘ಒತ್ತಟ್ಟಿಗಿಟ್ಟ ಹಾಡುಗಳು’ ಎಂದು ಬರೆದರೆ ಓದುಗರು ಸಹಿಸುತ್ತಾರೆಯೇ? ‘ಹೊರಗುಳಿದ ಹಾಡು’ ಚಿಕ್ಕದು, ಸರಳ. ಅದರಲ್ಲಿ ಬಿಟ್ಟವನೇ ಮರೆಯಾಗಿ, ಹಾಡು ತಾನಾಗಿಯೇ ಹೊರಗುಳಿದಂತೆ ಆಗುತ್ತದೆ. ಡಿಲನ್‌ನ ವಿಷಯದಲ್ಲಿ ಆರಿಸಿದವನ ಕೈಯೇ ಮುಖ್ಯ. ಅವನ ಬರವಣಿಗೆ ಆ ವರ್ಷಗಳಲ್ಲಿ ಬತ್ತಿರಲಿಲ್ಲ. ಎಡವಿದ್ದು ಆಯ್ಕೆಯಲ್ಲಿ ಎನ್ನುವುದೇ ನನ್ನ ವಾದ.

ಹೊರಗುಳಿದದ್ದೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. 2021ರ ಸಂಪುಟದಲ್ಲಿ ತಾಲೀಮಿಗೆಂದು ಹಾಡಿದ ಬೇರೆಯವರ ಹಾಡುಗಳಿವೆ. ಅವು ಕೇಳಲು ಹಿತವಾಗಿವೆ, ಅದಕ್ಕಿಂತ ಹೆಚ್ಚೇನೂ ಇಲ್ಲ. ‘ಮೇಕಿಂಗ್ ಎ ಲಯರ್ ಔಟ್ ಆಫ್ ಮೀ’ ಬೇರೆಯೇ ಬಗೆಯದು. 1980ರ ಒಂದು ತಾಲೀಮಿನ ಟೇಪಿನಲ್ಲಿ ಉಳಿದ ಹಾಡು ಅದು, ಯಾವ ಆಲ್ಬಮ್‌ಗೂ ಹೋಗಲಿಲ್ಲ. ಸ್ಟುಡಿಯೋದಲ್ಲಿ ಆಲ್ಬಮ್‌ಗೆಂದು ಮುದ್ರಿಸಿದ್ದೇ ಅಲ್ಲದ ಮೇಲೆ ಅದನ್ನು ಔಟ್‌ಟೇಕ್ ಎನ್ನಬಹುದೇ? ‘ತಾಲೀಮಿನ ಟೇಪು’ ಎಂದರೆ ಸಾಕು ಅನ್ನಿಸುತ್ತದೆ. ‘ಎವ್ರಿ ಗ್ರೇನ್ ಆಫ್ ಸ್ಯಾಂಡ್’ ಹಾಡಿನ 1980ರ ಡೆಮೊ ಇದೆ. ಜೆನಿಫರ್ ವಾರ್ನ್ಸ್ ಜೊತೆಗೆ ದನಿಗೂಡಿಸಿದ್ದಾರೆ, ನಡುವೆ ಒಂದು ನಾಯಿ ಬೊಗಳುತ್ತದೆ. ಆ ಬೊಗಳುವಿಕೆಯನ್ನು ಅಳಿಸದೆ ಹಾಗೇ ಬಿಟ್ಟಿದ್ದಾರೆ. ಇದಕ್ಕೆ ‘ಕರಡು’ ಚೆನ್ನಾಗಿ ಒಪ್ಪುತ್ತದೆ. ಬರಹಕ್ಕೆ ಕರಡು ಇರುವಂತೆ ಹಾಡಿಗೂ ಇರಲಿ.

ಎರಡನೆಯ ಪದ ‘ಆಲ್ಟರ್ನೇಟ್ ಟೇಕ್’. ಒಂದೇ ಹಾಡನ್ನು ಬೇರೆ ಬೇರೆ ಸಲ ಹಾಡಿದ್ದು. ಇದಕ್ಕೆ ನಮ್ಮಲ್ಲಿ ಒಂದು ಒಳ್ಳೆಯ ಪದ ಆಗಲೇ ಇದೆ ಅನ್ನಿಸುತ್ತದೆ: ‘ಪಾಠಾಂತರ’. ವಚನಗಳನ್ನೋ ಕೀರ್ತನೆಗಳನ್ನೋ ಸಂಪಾದಿಸುವವರು ದಿನವೂ ಬಳಸುವ ಪದ. ಜನಪದ ಮಹಾಕಾವ್ಯಗಳನ್ನು ಸಂಗ್ರಹಿಸಿದವರೂ ಒಬ್ಬೊಬ್ಬ ಹಾಡುಗಾರನ ಹಾಡಿಕೆಯನ್ನು ಒಂದೊಂದು ಪಾಠ ಎಂದೇ ಕರೆಯುತ್ತಾರೆ. ಡಿಲನ್‌ನ ಈ ವರ್ಷಗಳಿಗೆ ಇದು ಎಷ್ಟು ಒಪ್ಪುತ್ತದೆ ನೋಡಿ. ‘ಇನ್‌ಫಿಡೆಲ್ಸ್’ ಕಾಲದಲ್ಲಿ ‘ಸಮ್‌ಒನ್ಸ್ ಗಾಟ್ ಎ ಹೋಲ್ಡ್ ಆಫ್ ಮೈ ಹಾರ್ಟ್’ ಎಂಬ ಹಾಡಿತ್ತು. ಎರಡು ವರ್ಷದ ಮೇಲೆ ಅದು ‘ಟೈಟ್ ಕನೆಕ್ಷನ್ ಟು ಮೈ ಹಾರ್ಟ್’ ಆಗಿ ‘ಎಂಪೈರ್ ಬರ್ಲೆಸ್ಕ್’ ಸೇರಿತು. ನುಡಿಗಳು ಬದಲಾಗಿದ್ದವು, ಹಳೆಯ ಹಾಲಿವುಡ್ ಚಿತ್ರಗಳ ಸಂಭಾಷಣೆಯ ಸಾಲುಗಳು ಒಳಗೆ ಬಂದಿದ್ದವು. ‘ಟೂ ಲೇಟ್’ ಎಂಬುದು ‘ಫುಟ್ ಆಫ್ ಪ್ರೈಡ್’ ಆಯಿತು. ನಾಟಕಕಾರ ಸ್ಯಾಮ್ ಶೆಪರ್ಡ್ ಜೊತೆ ಬರೆದ ‘ನ್ಯೂ ಡ್ಯಾನ್‌ವಿಲ್ ಗರ್ಲ್’ 1984ರ ಟೇಪಿನಲ್ಲಿದೆ. ಅದೇ 1986ರಲ್ಲಿ ‘ಬ್ರೌನ್ಸ್‌ವಿಲ್ ಗರ್ಲ್’ ಎಂಬ ಹೆಸರಿನಲ್ಲಿ ಬಂತು. ಇವೆಲ್ಲ ಪಾಠಾಂತರಗಳೇ.

ತೊಡಕು ಬರುವುದು ನುಡಿಗಿಂತ ಹಾಡಿಕೆಯೇ ಹೆಚ್ಚು ಬದಲಾದಾಗ. ‘ವೆನ್ ದ ನೈಟ್ ಕಮ್ಸ್ ಫಾಲಿಂಗ್ ಫ್ರಮ್ ದ ಸ್ಕೈ’ ಹಾಡಿನ ಒಂದು ಟೇಕ್‌ನಲ್ಲಿ ಸ್ಟೀವನ್ ವ್ಯಾನ್ ಜ್ಯಾಂಡ್ಟ್ ಗಿಟಾರ್ ನುಡಿಸುತ್ತಾನೆ. ಅದು ಬಿರುಗಾಳಿಯಂತೆ ನುಗ್ಗುತ್ತದೆ. ಆಲ್ಬಮ್‌ನಲ್ಲಿ ಬಂದದ್ದು ಆರ್ಥರ್ ಬೇಕರ್ ಮಿಕ್ಸ್ ಮಾಡಿದ, ಸಿಂಥಸೈಜರ್ ತುಂಬಿದ, 1985ರ ಡಿಸ್ಕೋಗಳಿಗೆ ಒಪ್ಪುವ ಸದ್ದು. ಇಲ್ಲಿ ಪಾಠಕ್ಕಿಂತ ಧಾಟಿ ಬೇರೆ. ‘ಬೇರೆ ಧಾಟಿ’ ಎಂದರೆ ಸಾಕೇ? ಅಥವಾ ನುಡಿ ಬದಲಾದರೆ ಪಾಠಾಂತರ, ಹಾಡಿಕೆ ಬದಲಾದರೆ ‘ಧಾಟಿಭೇದ’ ಎಂದು ಎರಡು ಪದ ಇಟ್ಟುಕೊಳ್ಳೋಣವೇ? ಜಾನಪದ ಅಥವಾ ಗ್ರಂಥಸಂಪಾದನೆ ಬಲ್ಲವರು ಹೇಳಬೇಕು. ‘ಮಿಕ್ಸ್’ ಅನ್ನು ನಾನು ಹಾಗೇ ಇಟ್ಟುಕೊಳ್ಳುತ್ತೇನೆ. ‘ಟೇಕ್’ ಕೂಡ ಹಾಗೇ ಇರಲಿ, ನಮ್ಮ ಸಿನಿಮಾದವರ ಬಾಯಲ್ಲಿ ಅದು ಎಂದೋ ಕನ್ನಡವಾಗಿದೆ.

‘ಬೂಟ್‌ಲೆಗ್’ ಬಗ್ಗೆ ಹೇಳಲೇಬೇಕು. ಬೂಟಿನ ಕಾಲೊಳಗೆ ಸಾರಾಯಿ ಬಚ್ಚಿಟ್ಟು ಸಾಗಿಸುತ್ತಿದ್ದವರಿಂದ ಬಂದ ಪದ ಅದು. ನಮ್ಮ ‘ಕಳ್ಳಬಟ್ಟಿ’ ಅದರ ಖಾಸಾ ತಮ್ಮ. 1969ರಲ್ಲಿ ‘ಗ್ರೇಟ್ ವೈಟ್ ವಂಡರ್’ ಎಂಬ ಹೆಸರಿನಲ್ಲಿ ಡಿಲನ್‌ನ ಬಿಡುಗಡೆಯಾಗದ ಹಾಡುಗಳನ್ನು ಯಾರೋ ಕದ್ದು ಅಚ್ಚು ಹಾಕಿ, ಬರೀ ಬಿಳಿಯ ಹೊದಿಕೆಯಲ್ಲಿ ಮಾರಿದರು. ಅದನ್ನು ‘ಕಳ್ಳಬಟ್ಟಿ ರೆಕಾರ್ಡು’ ಎಂದರೆ ಓದುಗರಿಗೆ ಒಂದೇ ಏಟಿಗೆ ಅರ್ಥವಾಗುತ್ತದೆ. ಆದರೆ 1991ರ ಮಾಲೆ ಕಂಪನಿಯೇ ಹೊರತಂದದ್ದು. ಕಳ್ಳರ ಪದವನ್ನು ಮಾಲೀಕರೇ ತೆಗೆದುಕೊಂಡು ಹೆಸರಿಟ್ಟರು. ಹಾಗಾಗಿ ಮಾಲೆಯ ಹೆಸರನ್ನು ಅನುವಾದಿಸದೆ ‘ಬೂಟ್‌ಲೆಗ್ ಸೀರೀಸ್’ ಎಂದೇ ಬಿಡುವುದು, ಕದ್ದವುಗಳಿಗೆ ಮಾತ್ರ ‘ಕಳ್ಳಬಟ್ಟಿ’ ಬಳಸುವುದು ಎಂದುಕೊಂಡಿದ್ದೇನೆ. ನಿಮಗೆ ಇದು ಸರಿಯೆನಿಸುತ್ತದೆಯೇ?

‘ಆರ್ಕೈವ್’ಗೆ ನಮ್ಮ ಸರ್ಕಾರದ ಪದ ‘ಪತ್ರಾಗಾರ’. ಡಿಲನ್‌ನ ಟಿಪ್ಪಣಿ ಪುಸ್ತಕಗಳು, ಕರಡುಗಳು, ಟೇಪುಗಳು ಈಗ ಒಕ್ಲಹೋಮಾದ ಟಲ್ಸಾ ಊರಿನಲ್ಲಿವೆ. 2016ರಲ್ಲಿ ಈ ಸಂಗ್ರಹವನ್ನು ಅಲ್ಲಿನವರು ಕೊಂಡ ಸುದ್ದಿ ಬಂತು. 2022ರಲ್ಲಿ ಜನರಿಗೆಂದು ಡಿಲನ್ ಕೇಂದ್ರ ತೆರೆಯಿತು. ಟೇಪು, ಫಿಲ್ಮು ಎಲ್ಲ ಇರುವ ಜಾಗಕ್ಕೆ ಪತ್ರಾಗಾರ ಸಾಲದು. ಓಲೆಗರಿಗಳನ್ನು ಕಾಪಾಡಿದ ಬಸದಿ, ಮಠಗಳಲ್ಲಿ ‘ಭಂಡಾರ’ ಎನ್ನುತ್ತಿದ್ದರು. ನನಗೆ ಅದೇ ಇಷ್ಟ.

ಇನ್ನೊಂದು, ಇದು ನನ್ನನ್ನು ಹೆಚ್ಚು ಕಾಡುತ್ತಿರುವುದು: ಡಿಲನ್‌ನನ್ನು ಏನೆಂದು ಕರೆಯೋಣ? ‘ಗೀತರಚನೆಕಾರ’ ಎಂದರೆ ನಮ್ಮ ಕಿವಿಗೆ ಸಿನಿಮಾಕ್ಕೆ ಸಾಹಿತ್ಯ ಬರೆಯುವವರು. ರಾಗ ಸಂಗೀತ ನಿರ್ದೇಶಕರದು, ದನಿ ಇನ್ನೊಬ್ಬರದು. ಹಂಸಲೇಖ ಅವರಂತೆ ಮಾತು, ರಾಗ ಎರಡನ್ನೂ ಕಟ್ಟಿದವರು ಕಡಿಮೆ. ಎರಡನ್ನೂ ತಾನೇ ಮಾಡುವವನಿಗೆ ಸಂಗೀತದವರಲ್ಲಿ ‘ವಾಗ್ಗೇಯಕಾರ’ ಎಂಬ ಪದವಿದೆ. ಅರ್ಥ ಪಕ್ಕಾ ಕೂಡುತ್ತದೆ. ಪುರಂದರದಾಸರ ಪದವನ್ನು ಗಿಟಾರ್ ಹಿಡಿದ ಅಮೆರಿಕದವನಿಗೆ ಕೊಟ್ಟರೆ ಕೆಲವರಿಗೆ ಇರಿಸುಮುರಿಸಾಗಬಹುದು. ನಾನು ಕೊಡುವ ಪರ. ನೊಬೆಲ್ ಬಂದಾಗ ಇವನು ಕವಿಯೋ ಹಾಡುಗಾರನೋ ಎಂದು ಎಷ್ಟು ಜಗಳವಾಯಿತು! ವಾಗ್ಗೇಯಕಾರ ಎಂಬ ಪದ ಇರುವ ನುಡಿಯಲ್ಲಿ ಆ ಜಗಳಕ್ಕೆ ಜಾಗವೇ ಇರಬಾರದಿತ್ತು.

ನಿಮ್ಮಿಂದ ಬೇಕಾಗಿರುವುದು ಇಷ್ಟು. ಆಕಾಶವಾಣಿಯಲ್ಲಿ, ಕ್ಯಾಸೆಟ್ ಕಂಪನಿಗಳಲ್ಲಿ, ಬೆಂಗಳೂರಿನ ರೆಕಾರ್ಡಿಂಗ್ ಸ್ಟುಡಿಯೋಗಳಲ್ಲಿ ಕೆಲಸ ಮಾಡಿದವರು ಇಲ್ಲಿದ್ದೀರಿ. ಮುದ್ರಿಸಿ, ಬಳಸದೆ ಉಳಿದ ಹಾಡನ್ನು ಅಲ್ಲಿ ದಿನಬಳಕೆಯಲ್ಲಿ ಏನೆನ್ನುತ್ತಿದ್ದರು? ಭಾವಗೀತೆ ಕ್ಯಾಸೆಟ್‌ಗಳ ಕಾಲದಲ್ಲೂ ಇಂಥ ಹಾಡುಗಳು ಉಳಿದಿರಲೇಬೇಕು. ಧಾರವಾಡದ ಕಡೆಯವರು, ಕಂಪನಿ ನಾಟಕದ ರಂಗಗೀತೆಗಳನ್ನು ಬಲ್ಲವರು, ನಾಟಕದಿಂದ ತೆಗೆದುಬಿಟ್ಟ ಹಾಡಿಗೆ ಬೇರೆ ಹೆಸರು ಕೇಳಿದ್ದೀರಾ? ಕೇಳಿದ್ದರೆ ಯಾರ ಬಾಯಲ್ಲಿ, ಯಾವ ಸಂದರ್ಭದಲ್ಲಿ ಎಂಬುದನ್ನೂ ಬರೆಯಿರಿ. ಅಂಥ ಪದ ಒಂದು ಸಿಕ್ಕರೆ ‘ಒತ್ತಟ್ಟಿಗಿಟ್ಟ ಹಾಡು’ ಬಿಟ್ಟು ಅದನ್ನೇ ಲೇಖನದಲ್ಲಿ ಬಳಸುತ್ತೇನೆ.